ಗ್ಯಾಸ್ ಹಚ್ಚದೆ ಸಂಜೆಯ ತಿಂಡಿ

ಪ್ರಶ್ನೆ: ನಮಸ್ಕಾರ ಅಕ್ಕಾ. ನನ್ನ ಕೆಲಸ ಫೋರ್ಟ್‌ನಲ್ಲಿ, ಮನೆ ಡೊಂಬಿವಲಿಯಲ್ಲಿ. ಲೋಕಲ್ ಹಿಡಿದು ಮನೆ ಸೇರುವಾಗ ಏಳೂವರೆ. ಏಳನೇ ಕ್ಲಾಸಿನ ಮಗ ನಾಲ್ಕೂವರೆಗೆ ಶಾಲೆಯಿಂದ ಬಂದು, ಐದೂವರೆಗೆ ಟ್ಯೂಷನ್‌ಗೆ ಹೋಗುತ್ತಾನೆ. ಒಬ್ಬನೇ ಇರುವಾಗ ಗ್ಯಾಸ್ ಮುಟ್ಟಬಾರದೆಂದು ಹೇಳಿದ್ದೇನೆ. ಹಾಗಾಗಿ ದಿನಾ ವಡಾಪಾವ್, ಇಲ್ಲವೇ ಬಿಸ್ಕತ್ತು. ಬಾಳೆಹಣ್ಣು ಇಟ್ಟು ಹೋದರೆ ತಿನ್ನುತ್ತಾನೆ, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಹಣ್ಣಿನ ಜೊತೆ ಪೀನಟ್ ಬಟರ್ ಒಳ್ಳೆಯದು ಅಂತಾರೆ, ನಿಜವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. ಬರೀ ಬಾಳೆಹಣ್ಣು ಬೇಗ ಅರಗುತ್ತದೆ. ಅದರ ಜೊತೆ ಶೇಂಗಾದ ಕೊಬ್ಬು ಮತ್ತು ಪ್ರೋಟೀನ್ ಸೇರಿದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಟ್ಯೂಷನ್ ಮುಗಿಯುವ ತನಕ ತಡೆಯುತ್ತದೆ. ಒಂದು ದೊಡ್ಡ ಚಮಚ ಪೀನಟ್ ಬಟರ್‌ನಲ್ಲಿ ಸುಮಾರು 4 ಗ್ರಾಂ ಪ್ರೋಟೀನ್, 95 ಕ್ಯಾಲರಿ ಇರುತ್ತದೆ. ಬೆಳೆಯುವ ಹುಡುಗನಿಗೆ ಒಂದೂವರೆ ಚಮಚ ಸಾಕು. ಒಳ್ಳೆಯದು ಅಂತ ಡಬ್ಬಿಯಿಂದಲೇ ಬಗೆದು ತಿನ್ನುವುದು ಬೇಡ.

ಅಂಗಡಿಯಿಂದ ತರುವುದಾದರೆ ಡಬ್ಬಿಯ ಹಿಂಭಾಗ ಓದಿ. ಶೇಂಗಾ, ಹೆಚ್ಚೆಂದರೆ ಉಪ್ಪು, ಇಷ್ಟೇ ಇರಬೇಕು. ಸಕ್ಕರೆ ಮೊದಲ ಎರಡು ಮೂರು ಹೆಸರಲ್ಲೇ ಬಂದರೆ ಅಲ್ಲೇ ಬಿಟ್ಟು ಬನ್ನಿ. ನನ್ನನ್ನು ಕೇಳಿದರೆ, ಭಾನುವಾರ ನೀವೇ ಮಾಡಿಡಿ. ಮಿಕ್ಸಿ ಇರುವ ಮನೆಯಲ್ಲಿ ಇದಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಕಾಲು ಕಿಲೋ ಶೇಂಗಾ ತನ್ನಿ. ಮುಗ್ಗಿದ್ದು, ಮುದುಡಿದ್ದು, ಬಣ್ಣ ಕೆಟ್ಟಿದ್ದು ಒಂದೊಂದನ್ನೂ ಆರಿಸಿ ಬಿಸಾಡಿ. ಮುಂಬಯಿ ಮಳೆಗಾಲದಲ್ಲಂತೂ ಈ ಕೆಲಸ ತಪ್ಪಿಸಲೇಬೇಡಿ. ತೇವಕ್ಕೆ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸಿದ ಕಾಳನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ಸುಲಭವಾಗಿ ಬಿಡುವವರೆಗೆ ಹುರಿಯಿರಿ. ಸಿಪ್ಪೆ ಉಜ್ಜಿ ಕೇರಿ, ಉಗುರುಬೆಚ್ಚಗಿರುವಾಗಲೇ ಚಟ್ನಿ ಜಾರಿಗೆ ಹಾಕಿ. ತಣ್ಣಗಾದರೆ ಎಣ್ಣೆ ಬಿಡಲು ತಡವಾಗುತ್ತದೆ.

ಮೊದಲು ಪುಡಿಯಾಗುತ್ತದೆ. ಆಮೇಲೆ ಮುದ್ದೆಯಾಗಿ ಜಾರಿಗೆ ಅಂಟಿಕೊಳ್ಳುತ್ತದೆ. ಎಷ್ಟೋ ಜನ ಇಲ್ಲೇ ಧೈರ್ಯಗೆಟ್ಟು ನೀರು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಇನ್ನೂ ಗಟ್ಟಿಯಾಗುತ್ತದೆ, ಬೇಗ ಕೆಡುತ್ತದೆ ಕೂಡ. ಚಮಚದಿಂದ ಕೆರೆದು, ಮಿಕ್ಸಿಗೆ ಆಗಾಗ ವಿಶ್ರಾಂತಿ ಕೊಟ್ಟು, ಮತ್ತೆ ತಿರುಗಿಸಿ. ಒಳಗಿನ ಎಣ್ಣೆ ಬಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ಸಡಿಲವಾಗುತ್ತದೆ. ಚಿಟಿಕೆ ಉಪ್ಪು ಸೇರಿಸಿ ಗಾಜಿನ ಬಾಟಲಿಗೆ ತುಂಬಿ, ಫ್ರಿಜ್‌ನಲ್ಲಿಡಿ. ಒದ್ದೆ ಚಮಚ ಮಾತ್ರ ಹಾಕಬಾರದೆಂದು ಮಗನಿಗೆ ಹೇಳಿಬಿಡಿ.

ಇನ್ನು ಹಣ್ಣು. ಸ್ಟೇಷನ್ ಹೊರಗೆ ಸಿಗುವ ಏಲಕ್ಕಿ ಬಾಳೆ, ಇಲ್ಲಿಯವರ ವೇಲ್ಚಿ, ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಉದ್ದಕ್ಕೆ ಸೀಳಿ, ಒಳಗೆ ಪೀನಟ್ ಬಟರ್ ಸವರಿ, ಹುರಿದ ಎಳ್ಳು ಉದುರಿಸಿ ಮುಚ್ಚಿದರೆ ಆಯಿತು. ಬೆಣ್ಣೆ ಹಚ್ಚುವ ಮೊಂಡು ಚಾಕು ಸಾಕು, ಹುಡುಗ ಧೈರ್ಯವಾಗಿ ಮಾಡಿಕೊಳ್ಳಬಹುದು. ಡಹಾಣು ಕಡೆಯ ಚಿಕ್ಕು ಬಂದಾಗ ಬೀಜ ತೆಗೆದ ಗುಳಿಯಲ್ಲಿ ಅರ್ಧ ಚಮಚ ತುಂಬಿದರೆ ಬಹಳ ರುಚಿ. ಪೇರಳೆಗೆ ನನ್ನ ಮೊಮ್ಮಗಳು ಹೇಳಿಕೊಟ್ಟ ರೀತಿ ಬೇರೆ: ಪೀನಟ್ ಬಟರ್‌ಗೆ ಚೂರು ಖಾರದ ಪುಡಿ, ನಾಲ್ಕು ಹನಿ ಲಿಂಬೆ ರಸ ಕಲಸಿ, ಹೋಳು ಅದ್ದಿಕೊಂಡು ತಿನ್ನುವುದು. ಖಾರ ಇಷ್ಟಪಡುವ ಮಕ್ಕಳಿಗೆ ವಡಾಪಾವ್ ಮರೆಸಲು ಇದೇ ದಾರಿ ಅಂತ ನನಗನ್ನಿಸುತ್ತದೆ. ಸೇಬನ್ನು ಬೆಳಿಗ್ಗೆಯೇ ಹೆಚ್ಚಿಟ್ಟು ಹೋಗುವುದಾದರೆ ಹೋಳಿಗೆ ಲಿಂಬೆ ರಸ ಸವರಿ, ಕಪ್ಪಾಗುವುದು ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. ಶೇಂಗಾ ತಿಂದು ಮೈ ತುರಿಸುವುದು, ತುಟಿ ಊದುವುದು, ಉಸಿರು ಕಟ್ಟುವುದು ಯಾವಾಗಲಾದರೂ ಆಗಿದ್ದರೆ ಇದು ಬೇಡವೇ ಬೇಡ, ಡಾಕ್ಟರನ್ನು ಕಾಣಿ. ಡಬ್ಬಿಯಲ್ಲಿ ಶಾಲೆಗೆ ಕಳಿಸಿದರೆ ಗೆಳೆಯರಿಗೆ ಕೊಡುವ ಮೊದಲು ಕೇಳಬೇಕೆಂದು ಮಗನಿಗೂ ತಿಳಿಸಿ.

ಪ್ರಶ್ನೆ: ಮನೆಯಲ್ಲಿ ಮಾಡಿದ ಪೀನಟ್ ಬಟರ್ ಮೇಲೆ ಎಣ್ಣೆ ತೇಲುತ್ತದೆ. ಕೆಟ್ಟಿದೆಯೇ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಇಲ್ಲ. ಅದು ಶೇಂಗಾದ್ದೇ ಎಣ್ಣೆ. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇರುತ್ತದೆ, ಅಲ್ವಾ? ಅಂಗಡಿಯ ಹಲವು ಡಬ್ಬಿಗಳಲ್ಲಿ ಅದು ಬೇರೆಯಾಗದಿರಲು ಹೈಡ್ರೋಜನೀಕರಿಸಿದ, ಅಂದರೆ ವನಸ್ಪತಿಯಂತೆ ಗಟ್ಟಿಯಾಗಿಸಿದ, ಎಣ್ಣೆ ಸೇರಿಸುತ್ತಾರೆ. ನೀವು ಚೆಲ್ಲಬೇಡಿ, ಚೆಲ್ಲಿದರೆ ಉಳಿದದ್ದು ಒಣಗಿ ಗಟ್ಟಿಯಾಗುತ್ತದೆ. ತಳದವರೆಗೆ ಕಲಸಿ ಫ್ರಿಜ್‌ನಲ್ಲಿಡಿ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಮಾತ್ರ ಎಸೆಯಿರಿ.