ಥ್ರಿಲ್ಲರ್ ಕಾದಂಬರಿಗಳಲ್ಲಿ ಪಾತ್ರಗಳನ್ನು ದ್ವೀಪದಲ್ಲೋ ಹಿಮದಲ್ಲೋ ಸಿಕ್ಕಿಹಾಕಿಸುವುದು ಯಾಕೆ?

ಕೊಲೆಗಾರ ಒಳಗಿರುವವರಲ್ಲೇ ಒಬ್ಬ ಅನ್ನುವುದು ಓದುಗರಿಗೆ ಖಚಿತವಾಗಲಿ ಎಂದು. ಭಯವೆಲ್ಲ ಹುಟ್ಟುವುದು ಈ ಲೆಕ್ಕದಿಂದಲೇ. ಪಟ್ಟಣದಲ್ಲಿ ಕೊಲೆಯಾದರೆ ಪೊಲೀಸರನ್ನು ಕರೆಯಬಹುದು, ಸಾವಿರ ಜನರ ಮೇಲೆ ಅನುಮಾನಪಡಬಹುದು, ಹೆದರಿಕೆಯಾದರೆ ಬಸ್ಸು ಹತ್ತಿ ಹೊರಟುಬಿಡಬಹುದು. ದೋಣಿಯೇ ಬಾರದ ದ್ವೀಪದಲ್ಲಿ ಈ ಮೂರೂ ಇಲ್ಲ. ಹತ್ತು ಜನರಲ್ಲಿ ಒಬ್ಬ ಸತ್ತರೆ ಉಳಿದ ಒಂಬತ್ತು ಜನರ ಮೇಲೆ ಅನುಮಾನ. ಇನ್ನೊಬ್ಬ ಸತ್ತರೆ ಎಂಟು. ಜನ ಕಡಿಮೆಯಾದಷ್ಟೂ ಭಯ ಜಾಸ್ತಿ.

1939ರಲ್ಲಿ ಬಂದ ಅಗಾಥಾ ಕ್ರಿಸ್ಟಿ ಅವರ ‘ಅಂಡ್ ದೆನ್ ದೇರ್ ವರ್ ನನ್’ ಓದಿದವರು ಊಟದ ಮೇಜಿನ ಮೇಲಿದ್ದ ಹತ್ತು ಪುಟ್ಟ ಗೊಂಬೆಗಳನ್ನು ಮರೆಯುವುದಿಲ್ಲ. ಒಂದೊಂದು ಸಾವಿಗೂ ಒಂದೊಂದು ಗೊಂಬೆ ಮಾಯ. ನನಗೆ ಕೊಲೆಗಳಿಗಿಂತ ಮೈ ಜುಮ್ಮೆನ್ನಿಸಿದ್ದು ಅದೇ. ದ್ವೀಪದಲ್ಲಿ ಬೇರೆ ಯಾರೂ ಇಲ್ಲ. ಅಂದ ಮೇಲೆ ಗೊಂಬೆ ತೆಗೆದವರು ಅದೇ ಮೇಜಿಗೆ ಊಟಕ್ಕೆ ಕೂತವರೇ, ಅಲ್ವಾ?

ಮೊಬೈಲ್ ಬಂದ ಮೇಲೆ ಇಂಥ ಕಥೆ ಬರೆಯುವುದು ಕಷ್ಟವಾಗಿದೆ. ಮೊದಲು ಸಿಗ್ನಲ್ ಹೋಗಬೇಕು, ಅದೂ ಓದುಗರು ನಂಬುವ ಹಾಗೆ. ಹಾಗಾಗಿಯೇ ಈಗಲೂ ಬಿರುಗಾಳಿ, ಹಿಮಪಾತಗಳಿಗೆ ಅಷ್ಟು ಬೇಡಿಕೆ.