ಕ್ಯಾನೊನೆಟ್ ಕ್ಯೂಎಲ್17 ಜಿ-3 ಅಥವಾ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್: ಯಾವುದರ ಲೆನ್ಸ್ ಹೆಚ್ಚು ಶಾರ್ಪ್?

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳೋಕೆ ಹೊರಟವರು ಈ ಎರಡರ ಬಗ್ಗೆ ಮೊದಲು ಕೇಳೋ ಪ್ರಶ್ನೆ ಇದು. ನಾನೂ ಇಲ್ಲಿಂದಲೇ ಶುರು ಮಾಡಿದವನು, ಅದಕ್ಕೇ ಹೇಳ್ತೀನಿ: ಲೆನ್ಸಿನ ಮಾತು ಬಿಡಿ. ಕ್ಯಾನೊನೆಟ್‌ದು 40 ಎಂಎಂ, ಯಾಶಿಕಾದ್ದು 45, ಎರಡರಲ್ಲೂ ಬೆಳಕು ಬರೋ ಕಿಂಡಿ (ಅಪರ್ಚರ್) ಎಫ್/1.7ರವರೆಗೆ ತೆರೆಯುತ್ತೆ. ಎಫ್/5.6ರಲ್ಲಿ ತೆಗೆದ ಪ್ರಿಂಟ್ ನೋಡಿ ಯಾವುದು ಯಾವುದರದ್ದು ಅಂತ ಹೇಳೋದು ಕಷ್ಟ. ಐವತ್ತು ವರ್ಷ ಹಳೆಯ ಕ್ಯಾಮೆರಾದ ಬಗ್ಗೆ ಕೇಳಬೇಕಾದ್ದು, ಬ್ಯಾಟರಿ ಸತ್ತ ಮೇಲೆ ಏನು ಉಳಿಯುತ್ತೆ ಅನ್ನೋದು.

ಯಾಶಿಕಾದಲ್ಲಿ ಉಳಿಯೋದು 1/500 ಸೆಕೆಂಡಿನ ಶಟರ್ ವೇಗ ಒಂದೇ. ಶಟರ್ ವೇಗ ಸರ್ಕ್ಯೂಟಿನ ಕೈಯಲ್ಲಿದೆ, ನೀವು ತಿರುಗಿಸೋಕೆ ಡಯಲ್ಲೇ ಇಲ್ಲ. ಕ್ಯಾನೊನೆಟ್‌ನಲ್ಲಿ ಹೋಗೋದು ಬೆಳಕು ಅಳೆಯೋ ಮೀಟರ್ ಮಾತ್ರ. ಅಪರ್ಚರ್ ರಿಂಗನ್ನು ‘ಎ’ಯಿಂದ (ಆಟೋ) ಸರಿಸಿದರೆ 1/4ರಿಂದ 1/500ರವರೆಗೆ ಎಲ್ಲವೂ ನಡೆಯುತ್ತೆ. ‘ಎ’ಯಲ್ಲೇ ಬಿಟ್ಟರೆ ಬಟನ್ ಕದಲಲ್ಲ. ‘ಕೆಟ್ಟಿದೆ’ ಅಂತ ಅಗ್ಗಕ್ಕೆ ಬರೋ ಕೆಲವು ಕ್ಯಾನೊನೆಟ್‌ಗಳ ಕಾಯಿಲೆ ಇಷ್ಟೇ ಇರಬಹುದು.

ದುಡ್ಡು ಕಳೆಯೋ ತಪ್ಪು ಇಲ್ಲಿದೆ. ಕ್ಯಾನೊನೆಟ್ ಮಾಡಿದ್ದು 1.35 ವೋಲ್ಟಿನ ಪಾದರಸದ ಸೆಲ್‌ಗೆ. ಅದು ಈಗ ಸಿಗಲ್ಲ ಅಂತ ಎಲ್ಲರೂ 1.5 ವೋಲ್ಟಿನ ಆಲ್ಕಲೈನ್ ತುರುಕ್ತಾರೆ. ಮುಳ್ಳು ಆಡುತ್ತೆ, ಸಮಾಧಾನ ಆಗುತ್ತೆ. ಆದರೆ ವೋಲ್ಟೇಜ್ ಜಾಸ್ತಿಯಾದ್ದರಿಂದ ಮೀಟರ್ ಇಲ್ಲದ ಬೆಳಕನ್ನು ಇದೆ ಅಂತ ಓದಿ ಅಪರ್ಚರ್ ಕಿರಿದು ಮಾಡುತ್ತೆ. ನೆಗೆಟಿವ್ ತೆಳ್ಳಗೆ ಬರುತ್ತೆ. ಸ್ಕ್ಯಾನ್‌ನಲ್ಲಿ ಎತ್ತಿದರೆ ನೆರಳಿನ ಜಾಗವೆಲ್ಲ ಮಣ್ಣು ಮಣ್ಣು. ಎಎಸ್‌ಎ (ಫಿಲ್ಮ್ ವೇಗ) ಡಯಲ್ ಇಳಿಸಿ ಸರಿದೂಗಿಸೋಣ ಅಂದ್ರೆ ಅದೂ ನಿಲ್ಲಲ್ಲ: ಆಲ್ಕಲೈನ್ ಬಳಸಿದಷ್ಟೂ ಇಳಿಯುತ್ತೆ, ಈ ರೋಲಿನ ತಿದ್ದುಪಡಿ ಮುಂದಿನ ರೋಲಿಗೆ ಸುಳ್ಳು. ಕಿವಿ ಯಂತ್ರದ 675 ಝಿಂಕ್-ಏರ್ ಸೆಲ್ ತಗೊಳ್ಳಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ, 1.4 ವೋಲ್ಟ್. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಡಿ. ಅದರ ಅಗಲ 11.6 ಎಂಎಂ, ಗೂಡು ಸುಮಾರು 16. ಸುತ್ತ ರಬ್ಬರ್ ರಿಂಗ್ ಹಾಕಿ, ಗಾಳಿ ರಂಧ್ರ ಮುಚ್ಚಬೇಡಿ. ಕೆಲವು ತಿಂಗಳಲ್ಲಿ ಒಣಗುತ್ತೆ. ಬೇಸರ ಅನ್ನಿಸಿದರೆ ಡಯೋಡ್ ಇರೋ ಅಡಾಪ್ಟರ್ ಕೊಂಡು ಸಿಲ್ವರ್ ಆಕ್ಸೈಡ್ ಹಾಕಿ, ಅದು ಕೊನೆವರೆಗೂ ಸ್ಥಿರ.

ಯಾಶಿಕಾಗೆ ಈ ತಲೆನೋವಿಲ್ಲ. 5.6 ವೋಲ್ಟಿನ ಜಾಗಕ್ಕೆ ಅಡಾಪ್ಟರ್ ಜೊತೆ 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿ ಹಾಕಿದರೆ ಸಾಕು. ಅದರ ಸಂಕಟ ಒಳಗಿನ ಪುಟ್ಟ ರಬ್ಬರ್ ಪ್ಯಾಡ್. ಫಿಲ್ಮ್ ಸರಿಸೋ ಲಿವರನ್ನು ನಿಧಾನ ಎಳೆಯಿರಿ, ‘ಠಕ್’ ಅನ್ನಬೇಕು. ಅನ್ನದಿದ್ದರೆ ಪ್ಯಾಡ್ ಕೊಳೆತಿದೆ, ಶಟರ್ ಲೆಕ್ಕ ತಪ್ಪುತ್ತೆ, ಬಿಚ್ಚಿಯೇ ಬದಲಿಸಬೇಕು. ಪಕ್ಕಾ ರಾತ್ರಿ ಬೀದಿ ಫೋಟೊ ಮಾತ್ರ ಅನ್ನೋರಿಗೆ, ಠಕ್ ಅನ್ನೋ ಯಾಶಿಕಾ ಸಿಕ್ಕರೆ, ಅದೇ ಸರಿ. ಆಟೋದಲ್ಲೇ ಸೆಕೆಂಡುಗಟ್ಟಲೆ ಶಟರ್ ತೆರೆದಿಡುತ್ತೆ.

ಉಳಿದವರಿಗೆ ನನ್ನ ಓಟು ಕ್ಯಾನೊನೆಟ್‌ಗೆ. ಬ್ಲಾಕ್ ಅಂಡ್ ವೈಟ್ ತೆಗೆಯೋರಿಗೆ ಇನ್ನೊಂದು ಲಾಭ: ಮೀಟರಿನ ಕಣ್ಣು ಫಿಲ್ಟರಿನ ಹಿಂದೆಯೇ ಇದೆ, ಹಳದಿ ಫಿಲ್ಟರ್ ಹಾಕಿದರೂ ಲೆಕ್ಕ ತಾನೇ ಸರಿಹೋಗುತ್ತೆ. ಯಾಶಿಕಾದಲ್ಲಿ ಕಣ್ಣು ಬಾಡಿ ಮೇಲಿದೆ, ಎಎಸ್‌ಎ ನೀವೇ ಬದಲಿಸಬೇಕು.

ಯಾವುದೇ ಕೊಂಡರೂ ಹಿಂಬಾಗಿಲಲ್ಲಿ ಬೆಳಕು ನುಗ್ಗದಂತೆ ತಡೆಯೋ ಫೋಮ್ ಮುಟ್ಟಿ ನೋಡಿ. ಟಾರಿನಂತೆ ಅಂಟಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಹೊಸದು ಅಂಟಿಸಿ. ಕರಾವಳಿ ಕಡೆಯಿಂದ ಬಂದ ಪೀಸಾದರೆ ಲೆನ್ಸಿಗೆ ಟಾರ್ಚ್ ಬಿಟ್ಟು ಬೂಷ್ಟು ಹುಡುಕದೆ ದುಡ್ಡು ಕೊಡಬೇಡಿ.