ಅಲ್ಲಾಡುವ ಹಲ್ಲನ್ನು ಮುಚ್ಚಿಟ್ಟ ಹುಡುಗಿ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆರು ವರ್ಷದ ಹುಡುಗಿ. ಚಿನ್ನು ಅನ್ನೋಣ. ಹದಿನೈದು ದಿನದಿಂದ ಬಾಯಿ ಬಿಟ್ಟು ನಕ್ಕಿಲ್ಲ. ಚಪಾತಿ ಬೇಡ, ಬರೀ ಮೊಸರನ್ನ. ಹಲ್ಲುಜ್ಜುವಾಗ ಬಾಗಿಲು ಹಾಕಿಕೊಳ್ಳುತ್ತಾಳೆ. "ಸ್ಕೂಲಲ್ಲಿ ಯಾರೋ ಏನೋ ಅಂದಿರಬೇಕು ಮೇಡಂ" ಎಂದರು ಅಮ್ಮ.

ಅಮ್ಮನನ್ನು ಹೊರಗೆ ಕೂರಿಸಿ, ಚಿನ್ನುಗೆ ಒಂದು ಮುಖ ಬರಿ ಅಂದೆ. ಬರೆದಳು. ಬಾಯಿಗೆ ಒಂದು ಗೆರೆ ಎಳೆದು, ಅದರ ಮೇಲೆ ಕಪ್ಪು ಕ್ರೇಯಾನ್ ಒತ್ತಿ ಒತ್ತಿ ತಿಕ್ಕಿದಳು. "ಇವಳ್ಯಾಕೆ ಬಾಯಿ ಮುಚ್ಕೊಂಡಿದಾಳೆ?" ಎಂದೆ. ಸುಮಾರು ಹೊತ್ತಿನ ಮೇಲೆ ಪಿಸುಗುಟ್ಟಿದಳು: "ಹಲ್ಲು ಅಲ್ಲಾಡ್ತಿದೆ. ಫ್ರಿಜ್ಜಲ್ಲಿದ್ದ ಚಾಕೊಲೇಟ್ ನಾನೇ ತಿಂದಿದ್ದು."

"ಚಾಕೊಲೇಟ್ ತಿಂದ್ರೆ ಹಲ್ಲೆಲ್ಲ ಉದುರಿಹೋಗುತ್ತೆ ನೋಡು!" ಎಲ್ಲರ ಮನೆಯಲ್ಲೂ ಇರುವ ಬೆದರಿಕೆ. ನಾನೂ ನನ್ನ ಮಗನಿಗೆ ಹೇಳಿದ್ದೇನೆ. ಚಿನ್ನು ಅದನ್ನು ಪೂರ್ತಿ ನಂಬಿದ್ದಳು. ಹಲ್ಲು ಬಿದ್ದರೆ ಕದ್ದು ತಿಂದದ್ದು ಗೊತ್ತಾಗಿಬಿಡುತ್ತದೆ, ಅಲ್ವಾ?

ಹಲ್ಲಿನ ವಿಷಯ ಮಾತ್ರ ಅಮ್ಮನಿಗೆ ಹೇಳೋಣವಾ ಅಂದೆ, ಒಪ್ಪಿದಳು. ಅಮ್ಮ ಒಳಗೆ ಬಂದ ಕೂಡಲೇ ಚಾಕೊಲೇಟಿನ ಕಥೆಯನ್ನೂ ತಾನೇ ಹೇಳಿ ಅತ್ತಳು.

ಅಮ್ಮನಿಗೆ ನಾನು ಹೇಳಿದ್ದು, ಮೊದಲು ಆ ಮಾತು ವಾಪಸ್ ತಗೊಳ್ಳಿ ಅಂತ. "ಸಿಹಿ ಜಾಸ್ತಿ ತಿಂದ್ರೆ ಹಲ್ಲು ಹುಳುಕಾಗುತ್ತೆ, ಅದು ಬೇರೆ. ಇದು ನಿನ್ನ ವಯಸ್ಸಿನ ಎಲ್ಲರಿಗೂ ಆಗೋದು. ನಾನು ತಪ್ಪು ಹೇಳಿದ್ದೆ." ಕೊನೆಯ ವಾಕ್ಯ ಅವರ ಬಾಯಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಕನ್ನಡಿ ಹಿಡಿದು ಹಲ್ಲು ಎಣಿಸಿದೆವು. ಹಾಲುಹಲ್ಲು ಒಟ್ಟು 20. ಸಾಮಾನ್ಯವಾಗಿ ಕೆಳಗಿನ ಎದುರು ಹಲ್ಲುಗಳೇ ಮೊದಲು ಬೀಳುತ್ತವೆ, ಆರು ವರ್ಷದ ಆಸುಪಾಸು. ಎಲ್ಲ ಬಿದ್ದು ಮುಗಿಯುವಾಗ ಮಗುವಿಗೆ 12 ವರ್ಷವಾಗಿರಬಹುದು. ಒಳಗಿಂದ ಹೊಸ ಹಲ್ಲು ಬಂದಂತೆ ಹಳೆಯದರ ಬೇರು ಕರಗುತ್ತದೆ. ಅದಕ್ಕೇ ಅಲ್ಲಾಡುವುದು.

ದಾರ ಕಟ್ಟಿ ಎಳೆಯಬೇಡಿ, ಅವಳೇ ನಾಲಗೆಯಲ್ಲಿ ಆಡಿಸಲಿ. ಬಿದ್ದಾಗ ಸ್ವಲ್ಪ ರಕ್ತ ಬರುತ್ತದೆ ಅಂತ ಮೊದಲೇ ಹೇಳಿಡಿ, ಒದ್ದೆ ಬಟ್ಟೆ ಕಚ್ಚಿಸಿದರೆ ನಿಲ್ಲುತ್ತದೆ. ಹಳೆಯದು ಗಟ್ಟಿಯಾಗಿರುವಾಗಲೇ ಹಿಂದೆ ಹೊಸ ಹಲ್ಲು ಕಂಡರೆ ದಂತವೈದ್ಯರಿಗೆ ತೋರಿಸಿ. ನಾಲ್ಕು ವರ್ಷದ ತಮ್ಮನಿಗೂ ಈಗಲೇ ಹೇಳಿ, ಅಕ್ಕನ ಬಾಯಿ ತೋರಿಸಿಯೇ ಹೇಳಿ. ಅವನ ಸರದಿ ಬರುವಷ್ಟರಲ್ಲಿ ಅದು ಹಳೇ ಸುದ್ದಿಯಾಗಿರುತ್ತದೆ.

ತಿಂಗಳ ಮೇಲೆ ಬಂದಾಗ ಚಿನ್ನು ಬೊಚ್ಚುಬಾಯಿ ಬಿಟ್ಟುಕೊಂಡೇ ಒಳಗೆ ಬಂದಳು. ಹಲ್ಲು ಎಸೆಯಲು ಫ್ಲಾಟಿನಲ್ಲಿ ಹೆಂಚಿನ ಮಾಡು ಎಲ್ಲಿಂದ ಬರಬೇಕು? ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ರಜೆಗೆ ಅಜ್ಜಿ ಮನೆಗೆ ಒಯ್ದಿದ್ದಳು. ಅಜ್ಜಿ ಸಗಣಿ ಉಂಡೆಯೊಳಗೆ ಅದುಮಿ ಕೊಟ್ಟರಂತೆ. ಮೊದಲ ಎಸೆತ ಗುರಿ ತಪ್ಪಿ ಅಂಗಳಕ್ಕೇ ಬಿತ್ತು. ತಮ್ಮ ನಾನು ಎಸೀತೀನಿ ಅಂತ ಹಟ ಮಾಡಿದರೂ ಇವಳು ಕೊಡಲಿಲ್ಲವಂತೆ.